ರೀಡಿಂಗ್

ಇಪ್ಪತ್ತಾರು ವರ್ಷ ನಾನು ಓದಿದ್ದು ಒಂದೇ ಪುಸ್ತಕ,
ಮನೆಮನೆಯ ಗೋಡೆಗೆ ಮೊಳೆ ಹೊಡೆದು ಕೂರಿಸಿದ್ದು.
ಕೋಡಿಬಾಗದಿಂದ ಬಿಣಗಾದವರೆಗೆ
ನಾಯಿಗಳಿಗೆಲ್ಲ ನನ್ನ ಕಾಲಿನ ವಾಸನೆ ಗೊತ್ತು.
"ಮೀಟರಿನವ ಬಂದ" ಅಂದರೆ
ಮಕ್ಕಳು ಸ್ಟೂಲು ತರುತ್ತಿದ್ದರು,
ಹೆಂಗಸರು ಜೇಡರಬಲೆ ಒರೆಸಿ ನಾಚುತ್ತಿದ್ದರು,
ಕತ್ತಲೆಕೋಣೆಯ ಲೆಕ್ಕವೂ ನನ್ನ ಹತ್ತಿರ ಇದೆಯೆಂದೋ ಏನೋ.

ಆಗ ಗಾಜಿನೊಳಗೆ ಅಲ್ಯುಮಿನಿಯಮ್ ಬಿಲ್ಲೆ,
ಅಂಚಿಗೊಂದು ಕೆಂಪು ಗುರುತು.
ಅದು ಸುತ್ತಿ ಬರುವುದನ್ನು ಕಾದು ನಿಂತರೆ
ಮನೆಯೊಳಗಿನದೆಲ್ಲ ಕಾಣುತ್ತಿತ್ತು:
ತೆವಳಿದರೆ ಒಂದೇ ಬಲ್ಬು,
ಓಡಿದರೆ ಇಸ್ತ್ರಿಪೆಟ್ಟಿಗೆ, ಮದುವೆ ಹತ್ತಿರ;
ನಿಂತೇಬಿಟ್ಟಿದ್ದರೆ
ಫ್ಯೂಜು ಕಿತ್ತವನು ನಾನೇ.
ಇನ್ನೂರ ಹನ್ನೊಂದು ರೂಪಾಯಿ ಬಾಕಿಗೆ
ಒಬ್ಬ ಬಾಣಂತಿಯ ಮನೆಯದನ್ನೂ ಕಿತ್ತಿದ್ದೇನೆ.
ಅದನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದು?

ಹೋದ ಮಾರ್ಚ್. ಕಾಜುಬಾಗ. ಪೆಡ್ನೇಕರ್ ಡಾಕ್ಟರರ ತಾರಸಿ.
ಹನ್ನೆರಡು ನೀಲಿ ಹಲಗೆ,
ಬಂಗಡೆ ಒಣಹಾಕಿದ ಹಾಗೆ, ಓರೆಯಾಗಿ, ಬೆನ್ನು ಮೇಲೆ.
ಹೊಸ ಮೀಟರು. ಅಂಕಿ ಎರಡು: ಆಮದು, ರಫ್ತು.
ಕಳೆದೆ. ಮತ್ತೊಮ್ಮೆ ಕಳೆದೆ.
"ಡಾಕ್ಟರೇ, ಈ ತಿಂಗಳು ನಾವೇ ನಿಮಗೆ ಕೊಡಬೇಕು."
ಅವರು ನಕ್ಕರು. ನನ್ನ ಬಾಯಿ ಒಣಗಿತು.
ಇಲಾಖೆ ಸಾಲಗಾರನಾದದ್ದನ್ನು
ಈ ಕಣ್ಣು ಕಂಡಿರಲಿಲ್ಲ.

ಅದೇ ಮಧ್ಯಾಹ್ನ ದ್ರೌಪದಿ ಪಡ್ತಿಯ ಓಣಿ.
ಹದಿನೆಂಟು ಯೂನಿಟ್ಟು. ಯಾವಾಗಲೂ ಹದಿನೆಂಟು,
ಮಳೆಗಾಲದಲ್ಲಿ ಹತ್ತೊಂಬತ್ತು.
ಅವಳ ಗದ್ದೆ ಕದ್ರಾದ ಹಿನ್ನೀರಿನ ತಳದಲ್ಲಿದೆ,
ಬಾವಿಯೂ ಅಲ್ಲೇ. "ನೀರೊಳಗೆ ಬಾವಿ, ನೋಡು ಬಾಬಾ"
ಎಂದು ಹಲ್ಲಿಲ್ಲದೆ ನಗುತ್ತಾಳೆ.
ಕಾಳಿ ಅವಳ ಹೊಲದ ಮೇಲೆ ನಿಂತು, ಧುಮುಕಿ, ತಂತಿಯಾಗಿ
ನಮ್ಮ ಕಾಡಿಗೆ ಬೈತಲೆ ತೆಗೆದು
ಘಟ್ಟ ಹತ್ತಿ ಹೋಯಿತು.
ಯಾವುದೋ ಊರಿನ ಅಂಗಡಿಬೀದಿಯಲ್ಲಿ
ಉರಿಯುತ್ತಿದೆ ಅವಳ ಎರಡು ಎಕರೆ.
ಉರಿಯಲಿ. ಅಲ್ಲಿಯೂ ಮಕ್ಕಳು ಓದುತ್ತವೆ.
ನೂರ ನಲವತ್ತು ಕೋಟಿ ಜನ,
ತಲೆಗೊಂದು ಬಲ್ಬು ಅಂದರೂ
ಎಷ್ಟು ನದಿ, ಎಷ್ಟು ಕಲ್ಲಿದ್ದಲು, ಎಷ್ಟು ದ್ರೌಪದಿಯರು?

"ಯೋಜನೆ ಬಂದಿದೆ ಅಜ್ಜಿ, ಮಾಡಿನ ಮೇಲೆ ಹಲಗೆ. ಸಬ್ಸಿಡಿ ಉಂಟು."
ಅವಳು ಮಾಡು ನೋಡಿದಳು.
ಹೆಂಚು ಜಾರಿದಲ್ಲಿ ಟಾರ್ಪಾಲು, ಅದರ ಮೇಲೆ ಹಳೆಯ ಟೈರು.
"ಸೂರ್ಯನಿಗೆ ಎಂತಕ್ಕೆ ಅಷ್ಟು ಭಾರ?
ನನ್ನ ಮುರುಗಲ ಸಿಪ್ಪೆ ಅವ ಹಾಗೇ ಒಣಗಿಸ್ತಾನೆ."
ಆಮೇಲೆ ಬೇರೆ ದನಿಯಲ್ಲಿ:
"ಇದಕ್ಕೆ ಯಾರ ಗದ್ದೆ ಮುಳುಗ್ತದೆ?"
ಯಾರದ್ದೂ ಇಲ್ಲ, ಎಂದೆ.
ಬಯಲುಸೀಮೆಯಲ್ಲಿ ಕಣ್ಣು ಹಾಯುವಷ್ಟು ಹಲಗೆ ಹಾಸಿದ್ದಾರಂತೆ,
ನೆರಳಿಗೆ ಕುರಿ ಮಲಗುತ್ತವಂತೆ,
ಕುರಿಯವರು ಎಲ್ಲಿ ಮಲಗುತ್ತಾರೋ.
"ಇಲ್ಲಿ ಯಾರದ್ದೂ ಇಲ್ಲ" ಎಂದು ತಿದ್ದಿದೆ.
ನಂಬಿದಳೋ, ನನ್ನ ಮೇಲೆ ಮರುಕವೋ,
ತಲೆಯಾಡಿಸಿದಳು.

ಬೈತಖೋಲದ ಐಸ್ ಫ್ಯಾಕ್ಟರಿಯ ಇನಾಸ್‌ನದು ಬೇರೆ ತಕರಾರು.
"ಬೋಟು ಬರುವುದು ರಾತ್ರಿ ಎರಡಕ್ಕೆ.
ಆಗ ಎಲ್ಲಿರ್ತಾನೆ ನಿನ್ನ ಸೂರ್ಯ?"
ನಾನು ಸಮುದ್ರ ತೋರಿಸಿದೆ, ಬೇರೆ ಉತ್ತರವಿರಲಿಲ್ಲ.
ಬರ್ಫ ಒಡೆಯುತ್ತಿದ್ದ ಒಡಿಶಾದ ಹುಡುಗ
ಮರದ ಸುತ್ತಿಗೆ ನಿಲ್ಲಿಸಿ, ಕಲಿತಷ್ಟು ಕನ್ನಡದಲ್ಲಿ ಅಂದ:
"ಸೇಟ್, ಹಗಲು ಬರ್ಫ ಮಾಡು. ರಾತ್ರಿ ಒಳಗೆ ಸೂರ್ಯ ಇದೆ."
ಇನಾಸ್ ಅವನನ್ನು ಬೈದ,
ಆಮೇಲೆ ಕ್ಯಾಲ್ಕ್ಯುಲೇಟರ್ ಕೇಳಿದ.

ಬರುವ ವರ್ಷ ಸ್ಮಾರ್ಟ್ ಮೀಟರು.
ಅದು ತನ್ನನ್ನು ತಾನೇ ಓದಿಕೊಳ್ಳುತ್ತದಂತೆ.
ನಾಯಿಗಳು ಯಾರಿಗೆ ಬೊಗಳುತ್ತವೋ.

ಡಿಸೆಂಬರಿನಲ್ಲಿ ಕೊನೆಯ ಸುತ್ತು.
ದ್ರೌಪದಿಯ ಮಾಡಿನಲ್ಲಿ ಹೆಂಚು ಇನ್ನೂ ಜಾರಿತ್ತು;
ಅಂಗಳದಲ್ಲಿ, ಕಬ್ಬಿಣದ ಕಂಬದ ಮೇಲೆ, ಎರಡು ಹಲಗೆ.
ಕೋಳಿಗಳಾಗಲೇ ಅಡಿಯಲ್ಲಿ ಸಂಸಾರ ಹೂಡಿದ್ದವು.
ಆಮದು ಕಳೆದು ಉಳಿದದ್ದು ನಾಲ್ಕು.
"ನಾಲ್ಕು, ನಾನು ಕೊಟ್ಟದ್ದಾ?"
ಹೌದು ಅಜ್ಜಿ.
"ಮೊದಲು ಕೊಟ್ಟದ್ದು?"
ಯಂತ್ರ ಕಿರ್ರೆಂದು ಬಿಲ್ಲು ಉಗುಳುತ್ತಿತ್ತು.
ಆ ಕಾಗದದ ಅಕ್ಷರ ಮೂರು ತಿಂಗಳಿಗೆ ಮಾಸಿಹೋಗುತ್ತದೆ.
ತಿರುಗಿಸಿ, ಬೆನ್ನಿಗೆ,
ಪೆನ್ನಿನಲ್ಲಿ ಒತ್ತಿ ಬರೆದುಕೊಟ್ಟೆ: ನಾಲ್ಕು.